ಓದಿ ಹೇಳುವವಳು

೧೨ ಫೆಬ್ರವರಿ ೧೯೯೯, ಶುಕ್ರವಾರ

ಇವತ್ತು ಕಚೇರಿಯಲ್ಲಿ ಎಲ್ಲರ ಮುಂದೆ ನನ್ನನ್ನು ಗಟ್ಟಿಯಾಗಿ ಓದಿದರು. ಬೇರೆ ರೀತಿ ಹೇಳಲು ಬರುತ್ತಿಲ್ಲ.

ಹೊಸ ಮ್ಯಾನೇಜರ್ ಕುಶಲ ಬೆಂಗಳೂರಿನಿಂದ ಬಂದವನು. ಇನ್ನು ಮುಂದೆ ಶುಕ್ರವಾರ ಮಧ್ಯಾಹ್ನ ‘ಕೋಡ್ ರೀಡಿಂಗ್’ ಎಂದು ಘೋಷಿಸಿದ. ತಂಡದ ಯಾರಾದರೊಬ್ಬರು ಬರೆದ ಪ್ರೋಗ್ರಾಮನ್ನು ಪ್ರಿಂಟ್ ತೆಗೆದು ಎಲ್ಲರೆದುರು ಓದುವುದು, ತಪ್ಪು ಹುಡುಕುವುದು. ಕೇಳಲು ಒಳ್ಳೆಯ ವಿಚಾರವೇ. ಅಮೆರಿಕದ ಒಂದು ವಿಮಾ ಕಂಪನಿಯ ಹಳೆಯ ಪ್ರೋಗ್ರಾಮುಗಳಲ್ಲಿ ಇಸವಿಯ ಎರಡು ಅಂಕಿಯನ್ನು ನಾಲ್ಕು ಮಾಡುವ ಕೆಲಸ ನಮ್ಮದು. ಒಂದು ಕಡೆ ತಪ್ಪಿದರೂ ಬರುವ ಜನವರಿಯಲ್ಲಿ ಸತ್ತವರೆಲ್ಲ ಇನ್ನೂ ಹುಟ್ಟಿಲ್ಲ ಎಂದು ಲೆಕ್ಕ ಬರುತ್ತದೆ.

ಮೊದಲ ಪಾಳಿ ನನ್ನದು. ಕುಶಲ ಎದ್ದು ನಿಂತು, ಪ್ರೈಮರಿ ಶಾಲೆಯ ಹುಡುಗಿ ಪದ್ಯ ಒಪ್ಪಿಸುವ ದನಿಯಲ್ಲಿ ನನ್ನ ಸಾಲುಗಳನ್ನು ಓದಿದ. ತಪ್ಪು ಸಿಕ್ಕಲ್ಲಿ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದ. ಬೈಗುಳಕ್ಕಿಂತ ಆ ನಿಲ್ಲಿಸುವುದೇ ಕೆಟ್ಟದ್ದು. ಎಲ್ಲರೂ ನಕ್ಕರು. ಪಕ್ಕದ ಮೇಜಿನ ನಿತಿನ ಮಾತ್ರ ನಗಲಿಲ್ಲ. ಕೆಲಸಕ್ಕೆ ಸೇರಿ ವರ್ಷ ತುಂಬದ ಹುಡುಗ. ಆಮೇಲೆ ಸುಮ್ಮನೆ ಒಂದು ಲೋಟ ಚಹಾ ತಂದು ನನ್ನ ಕೀಬೋರ್ಡಿನ ಪಕ್ಕ ಇಟ್ಟು ಹೋದ.

ಮೀಟಿಂಗ್ ಮುಗಿದ ಮೇಲೆ ಕುಶಲ ನನ್ನನ್ನು, ಉಳಿದ ಮರಾಠಿಯವರಿಗೆ ತಿಳಿಯದ ಕನ್ನಡದಲ್ಲಿ ಮಾತಾಡಿಸಿದ. “ಮಾಧುರಿ, ಪರ್ಸನಲ್ ಆಗಿ ತಗೋಬೇಡಿ. ಜನ ನಕ್ಕಿದ್ದು ನೆನಪಿರುತ್ತೆ, ಆ ತಪ್ಪು ಇನ್ನೊಂದ್ಸಲ ಮಾಡಲ್ಲ. ಸಿಂಪಲ್.”

ಪ್ರಿಂಟಿನ ಕಾಗದಗಳನ್ನು ಮಡಚಿ ಚೀಲದ ತಳಕ್ಕೆ ತುರುಕಿದೆ.

ಕೋಥರೂಡಿನ ಮನೆಗೆ ಬಂದಾಗ ಅತ್ತೆ ನನ್ನ ಮಗಳು ಶೀತಲ್‌ಗೆ ಅನ್ನ ಉಣಿಸುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಕೈ ನಿಲ್ಲಿಸಿದರು.

“ಯಾಕ ಮಾರಿ ಹಿಂಗ ಆಗ್ಯಾದ? ಯಾರರೆ ಏನರೆ ಅಂದ್ರೇನು?”

“ಏನಿಲ್ರಿ ಅತ್ತಿ.”

“ಏನಿಲ್ಲಂದ್ರ ಉಣ್ಣು ಬಾ. ಆಮ್ಯಾಲ ಪುಸ್ತಕದಾಗಿಂದು ಎರಡು ಪಾನ ಓದು. ನನಗೂ ಹೊತ್ತು ಹೋಗ್ತದ, ನಿನಗೂ ಹಗುರ ಆಗ್ತದ.”

ಓದಿದೆ. ಹಗುರವಾಯಿತು. ಈ ಹೆಂಗಸು ನನ್ನ ಅತ್ತೆಯಾಗಿ ಸಿಕ್ಕಿದ್ದು ನನ್ನ ಪುಣ್ಯ.

೧೪ ಫೆಬ್ರವರಿ, ಭಾನುವಾರ

ನನ್ನ ಗಂಡ ಚನ್ನವೀರನಿಗೆ ಇವತ್ತೂ ಡ್ಯೂಟಿ. ರಾಂಜಣಗಾಂವದ ಕಂಪನಿ ಬಸ್ಸು ಬೆಳಗ್ಗೆಯೇ ಒಯ್ದಿದೆ. ಮಗಳು ಮಲಗಿದ್ದಾಳೆ. ಬರೆಯಲು ಸ್ವಲ್ಪ ಸಮಯವಿದೆ.

ಅತ್ತೆಗೆ ಓದುತ್ತಿರುವುದು ಅಪ್ಪನ ಪೆಟ್ಟಿಗೆಯಲ್ಲಿದ್ದ ಕಾದಂಬರಿ. ರಟ್ಟೂ ಇಲ್ಲ, ಮೊದಲ ಪುಟಗಳೂ ಇಲ್ಲ, ಹಾಗಾಗಿ ಹೆಸರೂ ಗೊತ್ತಿಲ್ಲ. ಬೇರೆ ಜಾತಿಯವನನ್ನು ಮದುವೆಯಾಗಿ ಹೋದ ಉಮಾವತಿ, ಅವಳಿಗೆ ಮನೆಯ ಬಾಗಿಲು ಮುಚ್ಚಿದ ತಾಯಿ ಚನ್ನಬಸವ್ವ: ಇವರಿಬ್ಬರ ಕತೆ. ನನಗೆ ಎಂಟು ವರ್ಷವಿದ್ದಾಗ ಇದನ್ನು ಅಪ್ಪನ ಬಾಯಲ್ಲಿ ಕೇಳಿದ್ದೆ.

ಅಪ್ಪ ಜತ್ತದಲ್ಲಿ ಕನ್ನಡ ಶಾಲೆಯ ಮಾಸ್ತರ. ಸಂಜೆ ಓಣಿಯ ಹೆಂಗಸರಿಗೆ ಕಾದಂಬರಿ ಓದಿ ಹೇಳುತ್ತಿದ್ದ. ಪ್ರತಿಯೊಬ್ಬರಿಗೂ ಒಂದೊಂದು ದನಿ. ಸರಿಯಾಗಿ ಉಸಿರು ಕಟ್ಟುವ ಜಾಗದಲ್ಲಿ ಪುಸ್ತಕ ಮುಚ್ಚುತ್ತಿದ್ದ. “ಮಾಸ್ತರ, ಮುಂದ?” ಎಂದು ಹೆಂಗಸರು ಕೇಳಿದರೆ, “ನಾಳೆ” ಎನ್ನುತ್ತಿದ್ದ. ಅವನ ತೊಡೆಯ ಮೇಲೆ ಕೂತ ನನಗೆ ಅವರ ಮುಖಗಳು ಕಾಣುತ್ತಿದ್ದವು. ಕತೆ ಎಷ್ಟು ನೆನಪಿದೆಯೋ ಗೊತ್ತಿಲ್ಲ, ಆ ಮುಖಗಳು ನೆನಪಿವೆ.

ಕಾಲೇಜಿನಲ್ಲಿ ಮೊದಲ ಪ್ರೋಗ್ರಾಮ್ ಬರೆದಾಗ ನನಗೆ ಅದೇ ನೆನಪಾಗಿತ್ತು. ನಾವು ಬರೆದದ್ದನ್ನು ಒಂದಕ್ಷರ ಬಿಡದೆ ಕೇಳಿ, ನಂಬಿ, ಹಾಗೆಯೇ ನಡೆಯುವ ಒಬ್ಬ ಕೇಳುಗ! ಅಪ್ಪನಿಗೂ ಇಂಥವರು ಸಿಕ್ಕಿರಲಿಲ್ಲ. ಈ ವೃತ್ತಿಗೆ ಹೇಗೆ ಬಂದೆ ಎಂದು ಯಾರಾದರೂ ಕೇಳಿದರೆ ಸಂಬಳದ ಮಾತು ಹೇಳುತ್ತೇನೆ. ನಿಜವಾದ ಕಾರಣ ಅಪ್ಪನ ಓದು.

ಅತ್ತೆಗೆ ಅಕ್ಷರ ಬರುವುದಿಲ್ಲ. ದಿನಾ ಓದಿ ಮುಗಿಸಿದ ಮೇಲೆ ಪುಸ್ತಕ ತೆಗೆದುಕೊಂಡು, ಉಳಿದ ಪುಟಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, “ಇನ್ನೂ ಭಾಳ ಅದ” ಎಂದು ಸಂತೋಷಪಡುತ್ತಾರೆ.

ಈ ಕತೆಯೇ ಅವರಿಗೆ ಯಾಕೆ ಬೇಕು ಎಂದು ನನಗೆ ಗೊತ್ತು. ಚನ್ನವೀರನ ತಂಗಿ ರುದ್ರವ್ವ ಕರಾವಳಿಯ ಕಡೆಯ ದೇವದಾಸನನ್ನು ಮದುವೆಯಾಗಿ ದೇಹೂ ರೋಡಿಗೆ ಹೋದಳು. ಅವನು ಅಲ್ಲಿ ಮಿಲಿಟರಿ ಡಿಪೋದ ಹತ್ತಿರ ಕ್ಯಾಂಟೀನ್ ನಡೆಸುತ್ತಾನೆ. ಹೆಣ್ಣು ಕೂಸನ್ನು ಎತ್ತಿಕೊಂಡು ಒಮ್ಮೆ ತವರಿಗೆ ಬಂದಾಗ ಮಾವ ಬಾಗಿಲು ತೆಗೆಯಬೇಡ ಎಂದರಂತೆ; ಅತ್ತೆ ಒಳಗೇ ನಿಂತಿದ್ದರಂತೆ. ಮಾವ ತೀರಿಕೊಂಡ ಮೇಲೂ ಅತ್ತೆ ಹೋಗಿಲ್ಲ. ಒಂದೂವರೆ ತಾಸಿನ ದಾರಿ.

೫ ಮಾರ್ಚ್, ಶುಕ್ರವಾರ

ಮತ್ತೆ ನನ್ನ ಕೋಡ್. ಈ ಸಲ ಕುಶಲ ನನ್ನ ಇಂಗ್ಲಿಷ್ ಉಚ್ಚಾರವನ್ನೂ ಸೇರಿಸಿಕೊಂಡು ಓದಿದ. ‘ಝೀರೋ’ವನ್ನು ನಾನು ‘ಜೀರೋ’ ಎನ್ನುತ್ತೇನಂತೆ. ನಾನೂ ನಕ್ಕೆ. ನಕ್ಕರೆ ಬೇಗ ಮುಗಿಯುತ್ತದೆ.

ಮನೆಗೆ ಬಂದರೆ ಅತ್ತೆ ಚಾಪೆ ಹಾಸಿ ಕಾಯುತ್ತಿದ್ದರು. “ಚನ್ನಬಸವ್ವನ ಎಮ್ಮಿ ಏನಾತೋ ಏನೋ. ದಿನಪೂರ್ತಿ ಅದೇ ವಿಚಾರ ನನಗ.”

ಜಡ್ಡು ಬಿದ್ದ ಎಮ್ಮೆ ಬೆಳಗಾಗುವಷ್ಟರಲ್ಲಿ ಎದ್ದು ನಿಂತಿತು ಎಂದು ಪುಸ್ತಕದಲ್ಲಿದೆ. ನಾನು ಸತ್ತಿತು ಎಂದು ಓದಿದೆ.

ಯಾಕೆಂದು ಗೊತ್ತಿಲ್ಲ. ಬಾಯಿಗೆ ಬಂತು. ಬಂದ ಮೇಲೆ ಕರು ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು ಎಂದೂ ಸೇರಿಸಿದೆ. ಅಲ್ಲಿ ಸ್ವಲ್ಪ ನಿಲ್ಲಿಸಿ ಅತ್ತೆಯ ಮುಖ ನೋಡಿದೆ. ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು.

ಪಾಪ ಅನ್ನಿಸಿತು. ಆದರೂ ಎಷ್ಟೋ ದಿನಗಳ ನಂತರ ಚೆನ್ನಾಗಿ ನಿದ್ದೆ ಬಂತು ಎಂದು ಬೆಳಗ್ಗೆ ಎದ್ದು ಈ ಸಾಲು ಸೇರಿಸುತ್ತಿದ್ದೇನೆ.

೧೩ ಮಾರ್ಚ್, ಶನಿವಾರ

ಕತೆ ಹಳಿ ತಪ್ಪಬಾರದೆಂದರೆ ಸತ್ತ ಎಮ್ಮೆಯನ್ನು ಇನ್ನು ಎಲ್ಲೂ ತರುವಂತಿಲ್ಲ. ಒಂದು ಕಡೆ ಬದಲಾಯಿಸಿದರೆ ಮುಂದೆ ಹತ್ತು ಕಡೆ ತಿದ್ದಬೇಕು, ಥೇಟ್ ನಮ್ಮ ಕೆಲಸದಂತೆಯೇ. ಹಾಲು ಮಾರಿದ ದುಡ್ಡಿನಿಂದ ಚನ್ನಬಸವ್ವ ಬಳೆ ಕೊಳ್ಳುವ ಪುಟವನ್ನು ಬಿಟ್ಟೆ. ಅದರ ಬದಲಿಗೆ ಅಕ್ಕಪಕ್ಕದವರು ಅವಳ ಬರಿಗೈ ನೋಡಿ ಆಡಿಕೊಂಡರು ಎಂದು ಓದಿದೆ. ಆಡಿಕೊಂಡವಳ ದನಿ ಬಹಳ ಚೆನ್ನಾಗಿ ಬಂತು.

“ಹಿಂಗೂ ಅಂತಾರ ಮಂದಿ?” ಅಂದರು ಅತ್ತೆ. ತಮ್ಮ ಕೈಯನ್ನೇ ನೋಡಿಕೊಂಡರು.

ನಾನು ಮೂಲವನ್ನು ಕೆಡಿಸುತ್ತಿಲ್ಲ. ಆ ಲೇಖಕರ ಬರವಣಿಗೆ ಸ್ವಲ್ಪ ಸಪ್ಪೆ, ಎಲ್ಲರೂ ಒಳ್ಳೆಯವರು. ಅಪ್ಪನೂ ಅಲ್ಲಲ್ಲಿ ಸೇರಿಸುತ್ತಿದ್ದಿರಬೇಕು.

ನಿತಿನ ಬಂದು ತನ್ನ ಪ್ರೋಗ್ರಾಮನ್ನು ಒಮ್ಮೆ ನೋಡಿಕೊಡಿ ಎಂದು ಕೇಳಿದ. ನೋಡಿದೆ. ಎರಡು ಕಡೆ ತಪ್ಪಿದ್ದವು. ಆಮೇಲೆ ಹೇಳೋಣ ಅಂದುಕೊಂಡೆ.

೯ ಏಪ್ರಿಲ್, ಶುಕ್ರವಾರ

ಕುಶಲ ಅಮೆರಿಕಕ್ಕೆ ಹೋಗಿದ್ದಾನೆ. ಹೋಗುವ ಮುಂಚೆ, “ಈ ವಾರ ರೀಡಿಂಗ್ ನೀವು ಮಾಡಿ. ಯಾರ ಕೋಡ್ ಅಂತ ನೀವೇ ಡಿಸೈಡ್ ಮಾಡಿ” ಅಂದಿದ್ದ.

ನಿತಿನನದ್ದನ್ನು ಆರಿಸಿದೆ. ಅವನ ತಪ್ಪುಗಳು ನನಗೆ ಗೊತ್ತಿದ್ದವಲ್ಲ, ತಯಾರಿಯ ಸಮಯ ಉಳಿಯಿತು.

ಮೊದಲು ನೀರಸವಾಗಿಯೇ ಓದಿದೆ. ಎಲ್ಲರೂ ಕಿಟಕಿಯ ಹೊರಗೆ ನೋಡುತ್ತಿದ್ದರು. ಆಗ ದನಿ ತೆಗೆದೆ. ನಿತಿನನಿಗೆ ಮಾತು ಸ್ವಲ್ಪ ತೊದಲುತ್ತದೆ. ಅವನ ಪ್ರೋಗ್ರಾಮಿನಲ್ಲಿ ಒಂದೇ ಹೆಜ್ಜೆ ಬೇಡದೆ ಮೂರು ಸಲ ಮರುಕಳಿಸುತ್ತಿತ್ತು. ಅದನ್ನು ತೊದಲಿದಂತೆಯೇ ಓದಿದೆ. ತಪ್ಪಿನ ಸಾಲು ಬಂದಾಗ ನಿಲ್ಲಿಸಿ ಅವನನ್ನೇ ನೋಡಿದೆ. ಕೋಣೆಯೆಲ್ಲ ಕಾಯುತ್ತಿತ್ತು. ಎಂಟು ವರ್ಷದವಳಿದ್ದಾಗ ನೋಡಿದ ಅವೇ ಮುಖಗಳು! “ಮುಂದ?” ಎಂದು ಯಾರೂ ಕೇಳಲಿಲ್ಲ, ಅಷ್ಟೇ. ಆಮೇಲೆ ನಗು ಒಡೆಯಿತು.

ಒಳ್ಳೆಯ ಮೀಟಿಂಗ್. ತಪ್ಪುಗಳು ಅಲ್ಲೇ ಸರಿಯಾದವು.

ಸಂಜೆ ಚಹಾದ ಹೊತ್ತಿಗೆ ನಿತಿನ ಕಾಣಲಿಲ್ಲ. ಹುಡುಗರಿಗೆ ಮೈಚರ್ಮ ಸ್ವಲ್ಪ ದಪ್ಪವಾಗಬೇಕು.

೧೮ ಏಪ್ರಿಲ್, ಭಾನುವಾರ

ದೇವದಾಸನ ಫೋನ್ ಬಂತು. ಇಷ್ಟು ವರ್ಷಗಳಲ್ಲಿ ಮೊದಲ ಸಲ. ರುದ್ರವ್ವನಿಗೆ ಪಿತ್ತಕೋಶದ ಕಾಯಿಲೆ, ಹರಡಿದೆಯಂತೆ. “ಅಮ್ಮನ ನೆನಪು ತುಂಬ ಮಾಡ್ತಾಳೆ. ನಾನು ಕೇಳಿದ್ದು ಅಂತ ಬೇಡ, ಹೇಗಾದ್ರೂ ಮಾಡಿ ಒಮ್ಮೆ ಕಳಿಸಿಕೊಡಿ” ಅಂದ.

ಚನ್ನವೀರ ಕೂಡಲೇ ಬೈಕು ಹತ್ತಿ ಹೋಗಿ ನೋಡಿ ಬಂದ. ಆಮೇಲೆ ಅತ್ತೆಯ ಎದುರು ಕೂತು, “ಅವ್ವಾ, ಆಕಿ ಭಾಳ ಸೊರಗ್ಯಾಳ. ನೀ ಬಾ” ಅಂದ.

ಅತ್ತೆ ಬಹಳ ಹೊತ್ತು ಶೀತಲ್‌ಳ ಕೂದಲು ಬಾಚುತ್ತ ಕೂತರು. ಕೊನೆಗೆ ನನ್ನ ಕಡೆ ತಿರುಗಿದರು. “ನಿನ್ನೆ ಚನ್ನಬಸವ್ವ ಮಗಳ ಮನಿಗೆ ಹೊಂಟಾಳಲ್ಲ, ಗಂಟು ಕಟ್ಟಿಕೊಂಡು. ಆಕಿಗೆ ಧೈರ್ಯ ಬಂತಂದ್ರ ನನಗ್ಯಾಕ ಬರಬಾರದು? ನಾನೂ ಹೋಗ್ತೀನಿ. ಹೋಗಿ ಆಕಿ ಆರಾಮ ಆಗೂತನ ಅಲ್ಲೇ ಇರ್ತೀನಿ.”

ಚನ್ನವೀರ ಅವ್ವನ ಕೈ ಹಿಡಿದುಕೊಂಡ. ಬುಧವಾರ ಅವನಿಗೆ ರಜೆ, ಅವತ್ತು ಕರೆದೊಯ್ಯುತ್ತಾನೆ.

ಒಳ್ಳೆಯದೇ. ಆದರೆ ಶೀತಲ್‌ಳನ್ನು ನೋಡಿಕೊಳ್ಳುವವರು ಯಾರು? ಮೇ ಇಪ್ಪತ್ತೊಂದಕ್ಕೆ ಮೊದಲ ಭಾಗವನ್ನು ಅಮೆರಿಕಕ್ಕೆ ಒಪ್ಪಿಸಬೇಕು. ಅದು ಸರಿಯಾಗಿ ಹೋದರೆ ಮುಂದಿನ ತಂಡಕ್ಕೆ ನಾನೇ ಲೀಡ್ ಎಂದು ಕುಶಲ ಹೇಳಿದ್ದಾನೆ. ಈಗ ರಜೆ ಎಂದರೆ ಆ ಜಾಗ ಇನ್ನೊಬ್ಬರಿಗೆ. ಇದನ್ನು ಈ ಮನೆಯಲ್ಲಿ ಯಾರಿಗೆ ಹೇಳುವುದು? ಹೇಳಿದರೆ ಸಾಯುವವಳ ಮುಂದೆ ನೌಕರಿ ದೊಡ್ಡದೇನು ಎನ್ನುತ್ತಾರೆ. ಯಾರೂ ನನ್ನನ್ನು ಕೇಳಲಿಲ್ಲ. ಒಂದು ಮಾತು ಕೇಳಬಹುದಿತ್ತು.

೨೦ ಏಪ್ರಿಲ್, ಮಂಗಳವಾರ

ಇವತ್ತು ಬಾಗಿಲಿನ ಅಧ್ಯಾಯ.

ಪುಸ್ತಕದಲ್ಲಿ ಇರುವುದು ಹೀಗೆ: ಚನ್ನಬಸವ್ವ ಮಗಳ ಮನೆಯ ಬಾಗಿಲು ಬಡಿಯುತ್ತಾಳೆ. ಉಮಾವತಿ ತೆರೆಯುತ್ತಾಳೆ. ಇಬ್ಬರಿಗೂ ಮಾತು ಬರುವುದಿಲ್ಲ. ಕೊನೆಗೆ ಮಗಳು, “ಬಿಸಲಾಗ ಬಂದಿ. ಕಾಲ ತೊಳಕೋ, ಬಾ” ಎಂದು ತಂಬಿಗೆಯಲ್ಲಿ ನೀರು ತಂದುಕೊಡುತ್ತಾಳೆ. ಅಷ್ಟೇ. ಅಪ್ಪ ಓದುತ್ತ ಇಲ್ಲಿಗೆ ಬಂದಾಗ ಓಣಿಯ ಹೆಂಗಸರೆಲ್ಲ ಅತ್ತಿದ್ದರು.

ಅತ್ತೆಯ ಗಂಟು ಸಿದ್ಧವಾಗಿ ಗೋಡೆಗೆ ಒರಗಿತ್ತು. ಮಗಳಿಗೆ ರೊಟ್ಟಿಗೆ ಹಚ್ಚಿಕೊಳ್ಳಲೆಂದು ಶೇಂಗಾ ಹಿಂಡಿ ಕುಟ್ಟಿ ಡಬ್ಬಿಯಲ್ಲಿ ತುಂಬಿಟ್ಟಿದ್ದರು. ಇವತ್ತು ಚಾಪೆಯ ಮೇಲೆ ಕೂರಲಿಲ್ಲ, ನನ್ನ ಪಕ್ಕದಲ್ಲೇ, ಮೈಗೆ ಮೈ ತಾಗುವಂತೆ ಕೂತರು.

ಓದಿದೆ. ಚನ್ನಬಸವ್ವ ಬಾಗಿಲು ಬಡಿದಳು. ಒಳಗೆ ಹೆಜ್ಜೆಯ ಸಪ್ಪಳ ಕೇಳಿತು. ಬಾಗಿಲ ತನಕ ಬಂದು ನಿಂತಿತು.

ನಿಲ್ಲಿಸಿದೆ. ಅತ್ತೆ ಉಸಿರು ಹಿಡಿದಿದ್ದರು.

“ಯಾರು?” ಎಂದು ಉಮಾವತಿಯ ದನಿಯಲ್ಲಿ ಓದಿದೆ. “ನಾನು ನಿಮ್ಮವ್ವ” ಎಂದು ಚನ್ನಬಸವ್ವನ ದನಿಯಲ್ಲಿ ಓದಿದೆ. ಮತ್ತೆ ಸ್ವಲ್ಪ ನಿಲ್ಲಿಸಿದೆ. ಆಮೇಲೆ ಉಮಾವತಿಯ ದನಿಯಲ್ಲಿ, ಬಹಳ ಮೆತ್ತಗೆ: “ನಮ್ಮವ್ವ ನನ್ನ ಕೂಸನ್ನ ಬಾಗಿಲ ಹೊರಗ ನಿಂದ್ರಿಸಿದ ದಿನಾನೇ ಸತ್ತಾಳ. ಸತ್ತವರು ಬಾಗಿಲ ಬಡಿಯೂದಿಲ್ಲ. ನೀವು ಯಾರೋ, ಮುಂದ ಹೋಗ್ರಿ.” ಹೆಜ್ಜೆಯ ಸಪ್ಪಳ ಒಳಗೆ ಹೋಯಿತು. ಬಾಗಿಲು ತೆರೆಯಲಿಲ್ಲ.

ಪುಸ್ತಕ ಮುಚ್ಚಿದೆ.

ಅತ್ತೆ ಅಳಲಿಲ್ಲ. “ಹಂಗ ಅಂದ್ಳೇನು?” ಎಂದು ಕೇಳಿದರು.

“ಹಂಗ ಬರದಾರ್ರಿ ಅತ್ತಿ.”

“ಬರದಾರಂದ್ರ... ತಿಳದವರು ಬರದಿರ್ತಾರ.” ಗೋಡೆಗೆ ಒರಗಿದ ಗಂಟಿನ ಕಡೆ ನೋಡಿ ಅಂದರು, “ಖರೇನ ಅದ. ಆಕಿ ಅಂದದ್ದು ಖರೇನ ಅದ.”

ನಾನು ಹೋಗಬೇಡಿ ಎನ್ನಲಿಲ್ಲ.

೨೧ ಏಪ್ರಿಲ್

ಚನ್ನವೀರ ರಿಕ್ಷಾ ತಂದ. ಅತ್ತೆ ಒಲ್ಲೆ ಎಂದರು. ಅವನು ಕೈಮುಗಿದ, ಕೂಗಾಡಿದ. “ನನ್ನ ಮಾರಿ ನೋಡಿ ಆಕಿಗೆ ಇನ್ನಷ್ಟು ಸಂಕಟ ಆಗ್ತದ, ನೀ ಹೋಗಿ ಬಾ” ಎಂದಷ್ಟೇ ಹೇಳಿ ಗಂಟು ಬಿಚ್ಚಿದರು. ಹಿಂಡಿಯ ಡಬ್ಬಿಯನ್ನು ಅವನ ಕೈಯಲ್ಲಿ ಕೊಟ್ಟರು, ಯಾರು ಕೊಟ್ಟದ್ದೆಂದು ಹೇಳಬೇಡ ಎಂದರು.

ಕಚೇರಿಗೆ ಸಮಯಕ್ಕೆ ಸರಿಯಾಗಿ ತಲುಪಿದೆ.

೮ ಮೇ, ಶನಿವಾರ

ಕೆಲಸ, ಕೆಲಸ. ನಿತಿನ ರಾಜೀನಾಮೆ ಕೊಟ್ಟ. ನಾಶಿಕದಲ್ಲಿ ಅಪ್ಪನ ಅಂಗಡಿ ನೋಡಿಕೊಳ್ಳುತ್ತಾನಂತೆ. ಅವನ ಭಾಗವೂ ನನ್ನ ತಲೆಗೆ ಬಂತು. ಹೋಗುವಾಗ ಎಲ್ಲರ ಕೈ ಕುಲುಕಿದ, ನನ್ನ ಮೇಜಿನ ಕಡೆ ಬರಲಿಲ್ಲ. ಸಣ್ಣ ಮನಸ್ಸು.

ಕುಶಲ ಇನ್ನು ಮುಂದೆ ಶುಕ್ರವಾರದ ಓದು ನನ್ನದೇ ಎಂದಿದ್ದಾನೆ. “ನಿಮ್ಮಷ್ಟು ಚೆನ್ನಾಗಿ ನನಗೂ ಬರಲ್ಲ ಮಾರಾಯ್ರೆ” ಎಂದು ನಕ್ಕ. ಅಪ್ಪ ಇದ್ದಿದ್ದರೆ ಕೇಳಿ ಖುಷಿಪಡುತ್ತಿದ್ದ.

ಎರಡು ವಾರದಿಂದ ಅತ್ತೆಗೆ ಓದಿಲ್ಲ. ಪುರುಸೊತ್ತಿಲ್ಲ. ದೇವದಾಸ ಮತ್ತೆ ಫೋನ್ ಮಾಡಿದ್ದ. ಈ ಸಲ ಅತ್ತೆಯೇ ಎತ್ತಿದರು. “ಆಕಿ ತಾನಾಗಿ ಬಾ ಅಂದಾಳೇನು? ಆಕಿ ಬಾಯಿಲೆ?” ಎಂದು ಕೇಳುತ್ತಿದ್ದದ್ದು ಅಡಿಗೆಮನೆಗೆ ಕೇಳಿಸಿತು. ಅವಳಿಗೆ ಔಷಧದ ಮಂಪರು, ಎದ್ದ ಮೇಲೆ ಫೋನ್ ಅವಳ ಕೈಗೆ ಕೊಡುತ್ತೇನೆ ಎಂದನಂತೆ. ಅತ್ತೆ ಫೋನ್ ಇಟ್ಟರು.

ಆಮೇಲೆ ಪುಸ್ತಕ ಹಿಡಿದು ನನ್ನ ಹತ್ತಿರ ಬಂದರು. ಉಳಿದ ಪುಟಗಳನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದರು.

“ಇನ್ನೂ ಇಷ್ಟು ಅದಲ್ಲ ಮಾಧುರಿ. ಉಮಾವತಿ ಮುಂದ ಮನಸ್ಸು ಬದಲ ಮಾಡ್ತಾಳೇನು? ಅದೊಂದು ಓದಿ ಹೇಳು. ಅದೊಂದು ಗೊತ್ತಾದ್ರ ಸಾಕು ನನಗ.”

ಇಪ್ಪತ್ತೊಂದಕ್ಕೆ ಒಪ್ಪಿಸುವ ಕಾಗದಗಳು ಹಾಸಿಗೆಯ ತುಂಬ ಹರಡಿದ್ದವು. “ನಾಳೆ ಓದ್ತೀನ್ರಿ ಅತ್ತಿ” ಅಂದೆ.

೧೬ ಮೇ, ಭಾನುವಾರ

ಅತ್ತೆ ಇವತ್ತೂ ಪುಸ್ತಕ ತಂದು ಪಕ್ಕದಲ್ಲಿ ಇಟ್ಟು ಹೋದರು. ಕೇಳಲಿಲ್ಲ, ಸುಮ್ಮನೆ ಇಟ್ಟರು. ಈ ಒಂದು ವಾರ ದಾಟಲಿ.

೨೩ ಮೇ, ಭಾನುವಾರ

ಶುಕ್ರವಾರ ಎಲ್ಲ ಸರಿಯಾಗಿ ಹೋಯಿತು. ಅಮೆರಿಕದವರು ಮೆಚ್ಚಿ ಬರೆದರು. ಕುಶಲ ಪೇಢೆ ತರಿಸಿದ.

ರುದ್ರವ್ವ ಗುರುವಾರ ಬೆಳಗ್ಗೆ ತೀರಿಕೊಂಡಳು. ಶುಕ್ರವಾರದ ಕೆಲಸ ಬಿಟ್ಟು ನನಗೆ ಹೋಗಲಾಗಲಿಲ್ಲ. ಚನ್ನವೀರ ಅತ್ತೆಯನ್ನು ಕರೆದುಕೊಂಡು ಗುರುವಾರವೇ ಹೋಗಿದ್ದ. ಶೀತಲ್‌ಳನ್ನು ಕೆಳಮನೆಯ ಪಂಕಜಾಕ್ಷಿಯವರ ಹತ್ತಿರ ಬಿಟ್ಟಿದ್ದೆ. ಇವತ್ತು ನಾನೂ ದೇಹೂ ರೋಡಿಗೆ ಹೋದೆ.

ಎರಡು ಕೋಣೆಯ ಮನೆ. ಬಾಗಿಲು ಹಾರು ಹೊಡೆದಿತ್ತು, ಅದಕ್ಕೆ ಒಂದು ಕಲ್ಲು ಒತ್ತಿ ಇಟ್ಟಿದ್ದರು. ಗಾಳಿಗೆ ಧೂಳು ಒಳಗೆ ಬರುತ್ತಿತ್ತು. ಮುಚ್ಚಲು ಹೋದೆ. ದೇವದಾಸ ಬೇಡ ಎಂದು ತಡೆದ.

“ತಿಂಗಳಾಯ್ತು ಹೀಗೇ ಇದೆ. ಅವಳು ಹಾಕ್ಲಿಕ್ಕೆ ಬಿಡ್ಲಿಲ್ಲ. ಅಮ್ಮ ಬಂದ್ರೆ ಬಡಿಯುವ ಹಾಗೆ ಆಗಬಾರ್ದು ಅಂತ.”

ಅತ್ತೆ ಗೋಡೆಗೆ ಒರಗಿ ಕೂತಿದ್ದರು. ರುದ್ರವ್ವನ ಮಗಳು ಜ್ಯೋತ್ಸ್ನಾ ಪಕ್ಕದಲ್ಲಿದ್ದಳು. ದೇವದಾಸನ ಮಾತು ಕೇಳಿ ಅತ್ತೆ ತಲೆಯೆತ್ತಿ ಬಾಗಿಲನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಯೋಚಿಸಿದೆ. ನಾನು ಓದಿದ್ದು ಕತೆ. ಕತೆ ಕೇಳಿ ಯಾರಾದರೂ ಸ್ವಂತ ಮಗಳನ್ನು ನೋಡಲು ಹೋಗದೆ ಇರುತ್ತಾರೆಯೇ? ಇಷ್ಟು ವರ್ಷ ಹೋಗದವರು ಅವರೇ. ಅವತ್ತು ಬಾಗಿಲು ಮುಚ್ಚಿದವರೂ ಅವರೇ. ನಾನು ಆಗ ಈ ಮನೆಗೆ ಸೊಸೆಯಾಗಿಯೂ ಬಂದಿರಲಿಲ್ಲ.

ಕಿಟಕಿಯ ಗಾಳಿಗೆ ಕಣ್ಣು ಉರಿಯಿತು.

೧೦ ಜೂನ್, ಗುರುವಾರ

ಲೀಡ್ ಆದೆ. ಗಾಜಿನ ಗೋಡೆಯ ಕ್ಯಾಬಿನ್.

ಅತ್ತೆ ದೇಹೂ ರೋಡಿನಿಂದ ಮನೆಗೆ ಬಂದು ವಾರವಾಯಿತು. ಮಾತು ಕಡಿಮೆ. ಇವತ್ತು ಶೀತಲ್ ಹೇಳಿದಳು, “ಅಜ್ಜಿ ಪಂಕಜಾ ಆಂಟಿ ಕಡೆ ಪುಸ್ತಕ ಒಯ್ದಿದ್ಳು. ಆಂಟಿ ಓದಿದ್ಳು. ಅಜ್ಜಿ ಮತ್ತೊಮ್ಮಿ ಓದು, ಮತ್ತೊಮ್ಮಿ ಓದು ಅಂತಿದ್ಳು.”

ಪಂಕಜಾಕ್ಷಿಯವರು ಉಡುಪಿ ಕಡೆಯವರು, ಗಂಡನದು ಕರ್ವೆ ರೋಡಿನಲ್ಲಿ ಹೋಟೆಲು. ಮಧ್ಯಾಹ್ನ ಬಿಡುವಿರುತ್ತದೆ. ಅವರೇ ಓದಿ ಮುಗಿಸಿದರೆ ನನಗೂ ಒಂದು ಕೆಲಸ ಕಡಿಮೆ. ಎಮ್ಮೆ ಬದುಕಿದ್ದು ಅತ್ತೆಗೆ ಗೊತ್ತಾದರೆ ಎಂದು ಒಂದು ಕ್ಷಣ ಅನ್ನಿಸಿತು. ಹಳೆಯ ಪುಟಗಳನ್ನು ಯಾರು ತಿರುಗಿಸುತ್ತಾರೆ?

೧೩ ಜೂನ್, ಭಾನುವಾರ

ಇವತ್ತಿನದನ್ನು ಹೇಗೆ ಬರೆಯಬೇಕೋ.

ಊಟವಾದ ಮೇಲೆ ಅತ್ತೆ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟರು. ಚನ್ನವೀರನನ್ನೂ ಕರೆದು ಕೂರಿಸಿದರು. ಗುರುತಿಗೆ ಒಂದು ದಾರ ಇಟ್ಟಿದ್ದರು.

“ಚನ್ನಬಸವ್ವ ಬಾಗಿಲ ಬಡಿಯೂದು ಇನ್ನೊಮ್ಮಿ ಓದು. ಇವನೂ ಕೇಳಲಿ.”

“ಅದ್ಯಾಕ್ರಿ ಅತ್ತಿ ಈಗ, ಮತ್ತ ದುಃಖ ಮಾಡ್ಕೋತೀರಿ.”

“ಓದು.”

ಪುಟ ತೆರೆದೆ. ತಂಬಿಗೆಯ ನೀರಿನ ಸಾಲು ಎದುರಿಗೇ ಇತ್ತು. ಅದನ್ನು ಓದಿಬಿಡಬಹುದಿತ್ತು. ಆದರೆ ಒಮ್ಮೆ ಓದಿದ್ದನ್ನು ಈಗ ಬೇರೆ ಮಾಡಿ ಓದಿದರೆ ಏನು ಅರ್ಥ? ನೆನಪಿನಿಂದ ಹಾಗೆಯೇ ಓದಿದೆ. ಹೆಜ್ಜೆಯ ಸಪ್ಪಳ, ‘ಯಾರು’, ‘ನಿಮ್ಮವ್ವ’, ‘ಸತ್ತವರು ಬಾಗಿಲ ಬಡಿಯೂದಿಲ್ಲ’. ದನಿ ಎಲ್ಲೂ ನಡುಗಲಿಲ್ಲ.

ಓದುವಷ್ಟು ಹೊತ್ತೂ ಅತ್ತೆ ನನ್ನ ಮುಖವನ್ನು ನೋಡುತ್ತಿದ್ದರು. ಮುಗಿದ ಮೇಲೆ ಪುಸ್ತಕವನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡರು.

“ಒಂದಕ್ಷರ ತಪ್ಪಲಿಲ್ಲ” ಅಂದರು. “ಅವತ್ತು ಹೆಂಗ ಓದಿದ್ದೀಯೋ ಹಂಗ.”

ಆಮೇಲೆ ಮಗನಿಗೆ ಹೇಳಿದರು, “ಚನ್ನವೀರ, ರಿಕ್ಷಾ ತೊಗೊಂಡು ಬಾ. ನಾ ದೇಹೂ ರೋಡಿಗೆ ಹೋಗ್ತೀನಿ. ಜ್ಯೋತ್ಸ್ನಾ ಕೂಡ ಇರ್ತೀನಿ. ಆ ಹುಡುಗಿ ಶಾಲಿಂದ ಬಂದ್ರ ಮನ್ಯಾಗ ಯಾರೂ ಇಲ್ಲ.”

“ಯಾವಾಗ ಬರ್ತಿ ಅವ್ವಾ?”

“ಇಲ್ಲಿ ನಂದೇನದ.”

ಗಂಟು ಮೊದಲೇ ಕಟ್ಟಿತ್ತು. ಶೀತಲ್ ಅಜ್ಜಿಯ ಸೀರೆ ಹಿಡಿದುಕೊಂಡು ಅತ್ತಳು. ನನಗೆ ಸಿಟ್ಟು ಬಂತು. ಹೊಸ ಹುದ್ದೆ, ನಾಳೆಯಿಂದ ಮಗುವನ್ನು ಯಾರ ಹತ್ತಿರ ಬಿಡಲಿ? ಮೆಟ್ಟಿಲ ತನಕ ಹಿಂದೆ ಹೋಗಿ ಕೇಳಿಯೇಬಿಟ್ಟೆ. “ನಾ ಏನ್ ಮಾಡೀನ್ರಿ ಅತ್ತಿ? ಏನರೆ ತಪ್ಪಾಗಿದ್ರ ಹೇಳ್ರಿ.”

ಅತ್ತೆ ಒಂದು ಮೆಟ್ಟಿಲು ಇಳಿದು ನಿಂತರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ನನ್ನನ್ನು ನೋಡಿ ಅವರು ಹೆದರಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

“ಶೀತಲ್‌ಗ ನೀ ಏನೂ ಓದಿ ಹೇಳಬ್ಯಾಡ” ಅಂದರು. “ಆಕಿಗೆ ಹೊಟ್ಟಿಗೆ ಹಾಕು, ಶಾಲಿಗೆ ಕಳಸು. ಓದಿ ಮಾತ್ರ ಹೇಳಬ್ಯಾಡ. ಕೈ ಮುಗೀತೀನಿ.”

ನಿಜವಾಗಿಯೂ ಕೈಮುಗಿದು ಇಳಿದು ಹೋದರು.

ಮಗುವಿಗೆ ಓದು ಬೇಡವಂತೆ! ಅಕ್ಷರ ಕಲಿಯದವರ ಮಾತು. ನಾನು ಇವತ್ತು ಏನಾಗಿದ್ದೇನೋ ಅದು ಅಪ್ಪನ ಓದಿನಿಂದ.

ಚನ್ನವೀರ ಅವರನ್ನು ಬಿಡಲು ಹೋದವನು ಇವತ್ತು ಅಲ್ಲೇ ಇರುತ್ತೇನೆ ಎಂದು ಫೋನ್ ಮಾಡಿದ. ದನಿ ಬೇರೆಯಾಗಿತ್ತು. ಪಂಕಜಾಕ್ಷಿಯವರು ಕೆಳಗೆ ಸಿಕ್ಕಾಗ ಮುಖ ತಿರುಗಿಸಿದರು.

೧೪ ಜೂನ್, ಸೋಮವಾರ

ರಜೆ ಹಾಕಬೇಕಾಯಿತು. ಶೀತಲ್ ನಿನ್ನೆಯಿಂದ ಸರಿಯಾಗಿ ಉಂಡಿಲ್ಲ. ಅಜ್ಜಿ ಬೇಕು, ಅಜ್ಜಿ ಬೇಕು ಎಂದು ಒಂದೇ ಹಟ. ಬೆಳಗ್ಗೆ ಲಕ್ಷ್ಮಿ ರೋಡಿಗೆ ಹೋಗಿ ಒಂದು ಚಿತ್ರದ ಪುಸ್ತಕ ತಂದೆ. ಕರಡಿಮರಿ ಜೇನು ಹುಡುಕಿಕೊಂಡು ಹೋಗಿ, ಜೇನುನೊಣದ ಹತ್ತಿರ ಕಚ್ಚಿಸಿಕೊಂಡು, ಕೊನೆಗೆ ಸಿಹಿ ತಿಂದು ಮಲಗುತ್ತದೆ.

ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದಲು ಶುರು ಮಾಡಿದೆ. ಮೊದಲ ಪುಟದಲ್ಲಿ ಅವಳ ಗಮನವೇ ಇರಲಿಲ್ಲ, ಬಾಗಿಲ ಕಡೆ ನೋಡುತ್ತ ಬಿಕ್ಕುತ್ತಿದ್ದಳು. ಆಗ ಒಂದು ಅಜ್ಜಿ ಕರಡಿಯನ್ನು ತಂದೆ. ಪುಸ್ತಕದಲ್ಲಿ ಇರಲಿಲ್ಲ, ನಾನೇ ಸೇರಿಸಿದೆ. ಶೀತಲ್ ಅಳು ನಿಲ್ಲಿಸಿ ಚಿತ್ರದಲ್ಲಿ ಅದನ್ನು ಹುಡುಕಿದಳು.

“ಅಜ್ಜಿ ಕರಡಿ ಎಲ್ಲಿ ಅದ?”

“ಮರಿ ಭಾಳ ಹಟ ಮಾಡ್ತು. ಉಣ್ಣಲಿಲ್ಲ. ಅದಕ್ಕ ಅಜ್ಜಿಗೆ ಬ್ಯಾಸರ ಆತು. ಗವಿ ಬಿಟ್ಟು ಹೋತು.”

“ಹೊಳ್ಳಿ ಬರ್ತದೇನು?”

ಸ್ವಲ್ಪ ನಿಲ್ಲಿಸಿದೆ. ಮುಖ ಮೇಲೆತ್ತಿ ನನ್ನನ್ನೇ ನೋಡುತ್ತಿದ್ದಳು. ಕಣ್ಣು ಮಿಟುಕಿಸಲಿಲ್ಲ.

“ಇಲ್ಲ” ಎಂದು ಓದಿದೆ.

ಆಮೇಲೆ ಅವಳು ಒಂದು ಹನಿಯೂ ಅಳಲಿಲ್ಲ. ತಾನಾಗಿ ಎದ್ದು ತಾಟಿನ ಮುಂದೆ ಕೂತು, ಅನ್ನವನ್ನು ಒಂದಗುಳು ಬಿಡದೆ ಉಂಡಳು. ನಡುನಡುವೆ ನಾನು ನೋಡುತ್ತಿದ್ದೇನೆಯೇ ಎಂದು ನೋಡಿಕೊಳ್ಳುತ್ತಿದ್ದಳು.

ಎಷ್ಟು ಚೆನ್ನಾಗಿ ಕೇಳುತ್ತಾಳೆ ನನ್ನ ಮಗಳು.